ಭಾಷಣ ಬೇಡ, ಲಗೋರಿ ಸಾಕು

ಪ್ರಶ್ನೆ: ಬಿ.ಪಿ.ಇಡಿ. ಓದುತ್ತಿದ್ದೇನೆ. ಬೋಧನಾ ಅಭ್ಯಾಸದಲ್ಲಿ ಸುಸ್ಥಿರತೆಯನ್ನೂ ಸೇರಿಸಬೇಕಂತೆ. ಆಟದ ಪೀರಿಯಡ್‌ನಲ್ಲಿ ಮಕ್ಕಳು ಇದನ್ನೆಲ್ಲ ಕೇಳುತ್ತಾರೆಯೇ?

ಉತ್ತರ: ಭಾಷಣ ಮಾಡಿದರೆ ಖಂಡಿತ ಕೇಳುವುದಿಲ್ಲ. ಪಾಠ ಯೋಜನೆಯಲ್ಲಿ ಆಟದ ಕೌಶಲದ ಜೊತೆ ಪರಿಸರದ ಗುರಿ ಒಂದೇ ಒಂದು ಬರೆಯಿರಿ. ಲಗೋರಿಯಿಂದ ಶುರುಮಾಡಿ: ಒಡೆದ ಹೆಂಚಿನ 7 ಬಿಲ್ಲೆ, ಹಳೆ ಬಟ್ಟೆಯ ಚೆಂಡು. ಬಿಲ್ಲೆಯ ಅಂಚನ್ನು ಮಕ್ಕಳೇ ಕಲ್ಲಿಗೆ ಉಜ್ಜಿ ನಯಮಾಡಲಿ. ಚೆಂಡು ಬಿಚ್ಚಿಕೊಂಡರೆ ಅವರೇ ಹೊಲಿಯಲಿ. ಗೆರೆ ಹಾಕಲು ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಚಾಕ್ ಪುಡಿ ಸಾಕು. ಮಧ್ಯಾಹ್ನದ ಪೀರಿಯಡ್ಡೇ? ಬಯಲಿನ ಮಣ್ಣನ್ನೂ ಮರದಡಿಯ ಮಣ್ಣನ್ನೂ ಒಮ್ಮೆ ಮುಟ್ಟಿಸಿ, ನೆರಳಿನ ಬೆಲೆ ಅಂಗೈಗೆ ಅರ್ಥವಾಗುತ್ತದೆ.

ಯೋಜನೆಯನ್ನು ಮೊದಲೇ ಮಾರ್ಗದರ್ಶಕರಿಗೆ ತೋರಿಸಿ (ಅಂಕ ಹಾಕುವವರು ಅವರೇ ತಾನೆ!). ಒಂದು ಎಚ್ಚರಿಕೆಯೂ ಇರಲಿ: ಬಿಸಿಲಿಗೆ ಯಾವುದಾದರೂ ಮಗು ತಲೆಸುತ್ತಿ ಬಿದ್ದು ತಡಬಡಾಯಿಸಿದರೆ, ನೆರಳಿಗೆ ತಂದು ಮೈಗೆ ನೀರು ಹಾಕುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.