ಆಸ್ಪತ್ರೆಯ ಬಾಗಲಲ್ಲಿ ಕಾಯುವದು

ಓದತಕ್ಕ ವೇದಭಾಗ: ಮಾರ್ಕ 5:21–43. ಇದರೊಡನೆ ನೋಡತಕ್ಕವು: ಜ್ಞಾನೋಕ್ತಿ 31:8, ಫಿಲಿಪ್ಪಿ 2:4.



ಹಿಟ್ಟಿನ ಗಿರಣಿಗೆ ಹೋದವನು ತನ್ನ ಚೀಲವನ್ನು ಸರದಿಯಲ್ಲಿಟ್ಟು ಕೂತುಕೊಳ್ಳುವನು. ಮೊದಲು ಬಂದವನ ಜೋಳವು ಮೊದಲು ಬೀಸಲ್ಪಡುವದು. ಗೌಡನ ಚೀಲವಾದರೂ ಕೂಲಿಯವನ ಚೀಲವಾದರೂ ಸರದಿ ತಪ್ಪಿಸಬಾರದೆಂಬದೇ ಅಲ್ಲಿಯ ನ್ಯಾಯ. ಇದೇ ನ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಪಟ್ಟಣದ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುತ್ತೇವೆ. ಅಲ್ಲಿ ನಮಗಿಂತ ಹಿಂದೆ ಬಂದವರನ್ನು ಮುಂದೆ ಕರೆಯುವದನ್ನು ಕಂಡರೆ ನಮ್ಮ ಮನಸ್ಸು ಕುದಿಯುತ್ತದೆ. “ನಾವು ಬಡವರು, ಹಳ್ಳಿಯವರು, ಹೇಳುವವರು ಕೇಳುವವರು ಇಲ್ಲದವರು, ಆದಕಾರಣ ನಮ್ಮನ್ನು ಕೂಡ್ರಿಸಿದ್ದಾರೆ” ಎಂದು ನೆನಸುತ್ತೇವೆ. ಕೆಲವು ಸಾರಿ ಇದು ನಿಜವಾಗಿರಬಹುದು. ಅನೇಕ ಸಾರಿ ನಿಜವಲ್ಲ. ಅಂಥಾ ಬಾಗಲಲ್ಲಿ ಯಾವಾಗ ತಾಳಿಕೊಳ್ಳಬೇಕು, ಯಾವಾಗ ಬಾಯ್ದೆರೆಯಬೇಕು ಎಂಬದೇ ಈ ತಿಂಗಳ ಪಾಠ.

1. ವೇದಭಾಗದ ವಿವರ

ಸಭಾಮಂದಿರದ ಅಧ್ಯಕ್ಷನಾದ ಯಾಯೀರನು ಕರ್ತನ ಪಾದಕ್ಕೆ ಬಿದ್ದು, ಸಾಯುತ್ತಿರುವ ತನ್ನ ಮಗಳ ಬಳಿಗೆ ಬರಬೇಕೆಂದು ಬೇಡಿಕೊಂಡನು. ಕರ್ತನು ಹೊರಟನು. ದಾರಿಯಲ್ಲಿ ಗುಂಪು ನೂಕುತ್ತಿತ್ತು. ಹನ್ನೆರಡು ವರುಷಗಳಿಂದ ರಕ್ತಕುಸುಮ ರೋಗದಲ್ಲಿ ನರಳಿ, ಇದ್ದದ್ದನ್ನೆಲ್ಲಾ ವೈದ್ಯರಿಗೆ ಕೊಟ್ಟು ಗುಣಹೊಂದದಿದ್ದ ಒಬ್ಬ ಹೆಂಗಸು ಹಿಂದಿನಿಂದ ಬಂದು ಆತನ ಬಟ್ಟೆಯನ್ನು ಮುಟ್ಟಿ ವಾಸಿಯಾದಳು. ಆತನು ನಿಂತುಬಿಟ್ಟನು, ಮುಟ್ಟಿದವರು ಯಾರೆಂದು ಕೇಳಿದನು. ಆಕೆಯು ನಡುಗುತ್ತಾ ಬಂದು ನಡೆದದ್ದನ್ನೆಲ್ಲಾ ಹೇಳುವ ತನಕ ಮುಂದಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಹುಡುಗಿಯು ಸತ್ತಳೆಂಬ ಸುದ್ದಿ ಮನೆಯಿಂದ ಬಂತು.

ಇಲ್ಲಿ ಇಬ್ಬರನ್ನು ನೋಡಿರಿ. ಯಾಯೀರನು ಮೊದಲು ಬಂದವನು, ಊರಲ್ಲಿ ಮಾನವುಳ್ಳವನು, ಅವನ ಮಗಳಿಗೆ ಒಂದೊಂದು ಕ್ಷಣವೂ ಮುಖ್ಯವಾಗಿತ್ತು. ಆದರೂ ಅವನು ಆ ಹೆಂಗಸನ್ನು ಬೈದನೆಂದಾಗಲಿ ನೂಕಿದನೆಂದಾಗಲಿ ಮಾರ್ಕನು ಬರೆಯಲಿಲ್ಲ. ಹೆಂಗಸಾದರೋ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದವಳು, ಗುಂಪಿನಲ್ಲಿ ಅಡಗಿದ್ದವಳು. ಆಕೆಯು ಕೈ ಚಾಚದೆ ಹೋಗಿದ್ದರೆ ಹಾಗೆಯೇ ಮನೆಗೆ ಹಿಂದಿರುಗುತ್ತಿದ್ದಳು. ಕರ್ತನು ಯಾಯೀರನ ತಾಳ್ಮೆಯನ್ನು ವ್ಯರ್ಥಮಾಡಲಿಲ್ಲ. ಹೆಂಗಸಿನ ಧೈರ್ಯವನ್ನು ಗದರಿಸಲಿಲ್ಲ. ಆದಕಾರಣ ತಾಳುವದೂ ಧರ್ಮವೇ, ಕೈ ಚಾಚುವದೂ ಧರ್ಮವೇ.

“ಸಾಯುತ್ತಿದ್ದ ಹುಡುಗಿಯನ್ನು ಬಿಟ್ಟು ಹಳೇ ರೋಗದವಳಿಗಾಗಿ ನಿಲ್ಲುವದು ಸರಿಯೋ?” ಎಂದು ಒಬ್ಬನು ಕೇಳಬಹುದು. ಮನುಷ್ಯನಾದ ವೈದ್ಯನು ಹಾಗೆ ನಿಲ್ಲಕೂಡದು, ಯಾಕಂದರೆ ಸತ್ತವರನ್ನು ಎಬ್ಬಿಸುವ ಶಕ್ತಿಯು ಅವನಿಗಿಲ್ಲ. ಹೊತ್ತು ಅವನ ಮೇಲೆ ಯಜಮಾನಿಕೆ ಮಾಡುತ್ತದೆ. ನಮ್ಮ ಕರ್ತನಾದರೋ ಹೊತ್ತಿಗೂ ಮರಣಕ್ಕೂ ಒಡೆಯನಾಗಿದ್ದಾನೆ. ಆದಕಾರಣ ಯಾರಿಗೆ ಮೊದಲು ಎಂದು ವೈದ್ಯನು ವಿಂಗಡಿಸಲೇಬೇಕು.

2. ವಿಂಗಡಿಸುವ ನ್ಯಾಯ

ಈ ವಿಂಗಡಣೆಯು ಈಗ ಹುಟ್ಟಿದ್ದಲ್ಲ. ಫ್ರಾನ್ಸ್ ದೇಶದ ನೆಪೋಲಿಯನನ ದಂಡಿನಲ್ಲಿ ಲಾರೇ ಎಂಬ ಶಸ್ತ್ರವೈದ್ಯನಿದ್ದನು. ಇವನು 1766ರಲ್ಲಿ ಹುಟ್ಟಿ 1842ರಲ್ಲಿ ತೀರಿಕೊಂಡನು. ಹೆಚ್ಚು ಅಪಾಯದ ಗಾಯವುಳ್ಳವನನ್ನೇ ಮೊದಲು ನೋಡತಕ್ಕದ್ದು, ಅವನು ಸರದಾರನೋ ಸಾಮಾನ್ಯ ಸಿಪಾಯಿಯೋ ಎಂದು ಕೇಳಬಾರದು ಎಂಬ ನಿಯಮವನ್ನು ಅವನು ನಡಿಸಿದನು. ಗಾಯಪಟ್ಟವರನ್ನು ರಣರಂಗದಿಂದ ಬೇಗನೆ ಸಾಗಿಸುವದಕ್ಕೆ ಹಗುರವಾದ ಕುದುರೆಗಾಡಿಗಳನ್ನು ಮಾಡಿಸಿದವನೂ ಅವನೇ. ಆ ನಿಯಮವು ಕ್ರಮೇಣ ಊರುಗಳ ಆಸ್ಪತ್ರೆಗಳಿಗೂ ಬಂತು. ಈ ವಿಂಗಡಣೆಗೆ ವೈದ್ಯರು ಟ್ರಯಾಜ್ ಎನ್ನುತ್ತಾರೆ.

ಆಸ್ಟ್ರೇಲಿಯ ದೇಶದಲ್ಲಿ ರೋಗಸ್ಥರನ್ನು ಐದು ತರಗತಿಗಳಾಗಿ ವಿಂಗಡಿಸುತ್ತಾರೆ. ಮೊದಲನೆಯ ತರಗತಿಯವರನ್ನು ಕೂಡಲೇ ನೋಡಬೇಕು. ಉಳಿದ ನಾಲ್ಕು ತರಗತಿಗಳಿಗೆ ಕ್ರಮವಾಗಿ 10, 30, 60, 120 ನಿಮಿಷಗಳೆಂದು ಗೊತ್ತುಮಾಡಿದ್ದಾರೆ. ನಮ್ಮ ದೇಶದ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಕೆಂಪು, ಹಳದಿ, ಹಸುರು ಎಂಬ ಬಣ್ಣಗಳಿಂದ ಗುರುತಿಸುತ್ತಾರೆ. ಕೆಂಪೆಂದರೆ ಪ್ರಾಣವು ಈಗಲೇ ಅಪಾಯದಲ್ಲಿದೆ, ಹಳದಿಯೆಂದರೆ ಬಹಳ ತಡಮಾಡಬಾರದು, ಹಸುರೆಂದರೆ ಕಾಯಬಹುದು. ಹಸುರಿನಲ್ಲಿ ಕೂಡ್ರಿಸಲ್ಪಟ್ಟವನು ತನ್ನನ್ನು ಅವಮಾನಿಸಿದರೆಂದು ಎಣಿಸದೆ, “ನನ್ನ ಪ್ರಾಣಕ್ಕೆ ಈಗ ಭಯವಿಲ್ಲ” ಎಂದು ದೇವರಿಗೆ ಸ್ತೋತ್ರ ಹೇಳತಕ್ಕದ್ದು.

3. ನಾನು ಕಂಡದ್ದು

ಈ ಮಾತನ್ನು ನಾನು ಪುಸ್ತಕದಿಂದಲ್ಲ, ನಾಚಿಕೆಯಿಂದ ಕಲಿತೆನು. ಕೆಲವು ವರುಷಗಳ ಹಿಂದೆ ನಮ್ಮ ಸಭೆಯವನೊಬ್ಬನು ಕಟ್ಟಿಗೆ ಸೀಳುವಾಗ ಕೊಡಲಿ ಜಾರಿ ಕಾಲಿಗೆ ಪೆಟ್ಟಾಯಿತು. ಗಾಯಕ್ಕೆ ವಸ್ತ್ರ ಬಿಗಿದು ರಾತ್ರಿ ಎಂಟು ಗಂಟೆಗೆ ಅವನನ್ನು ಪಟ್ಟಣದ ಒಂದು ಆಸ್ಪತ್ರೆಗೆ ಕರಕೊಂಡು ಹೋದೆನು. ನರ್ಸಮ್ಮನು ನೋಡಿ, ಹೊಸ ಪಟ್ಟಿ ಕಟ್ಟಿ, ಕೂತಿರಬೇಕೆಂದಳು. ಎರಡು ತಾಸು ಕೂತೆವು. ಆಗ ಒಬ್ಬ ಮನುಷ್ಯನು ತನ್ನ ಕಾಲಿನಿಂದಲೇ ನಡೆದು ಬಂದನು. ಮೈಮೇಲೆ ಒಂದು ಗೀರೂ ಇರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಬೆವರುತ್ತಿದ್ದನು, ಅಷ್ಟೇ. ಅವನನ್ನು ಕೂಡಲೇ ಒಳಗೆ ಕರಕೊಂಡರು. ನಾನು ಎದ್ದು ಎಲ್ಲರೂ ಕೇಳುವಂತೆ ಜಗಳಾಡಿದೆನು. “ರಕ್ತ ಸುರಿಸಿದವನು ಹೊರಗೆ, ನಡೆದು ಬಂದವನು ಒಳಗೆ, ಇದು ಯಾವ ನ್ಯಾಯ?” ಎಂದೆನು.

ಆ ನರ್ಸಮ್ಮನು ಸಿಟ್ಟಾಗಲಿಲ್ಲ. “ಅಯ್ಯಾ, ನಿಮ್ಮವನ ರಕ್ತ ನಿಂತಿದೆ, ನಾಡಿ ಸರಿಯಾಗಿದೆ, ಹೊಲಿಗೆ ಇನ್ನೆರಡು ತಾಸು ತಡೆದೀತು. ಆತನ ಹೃದಯವು ತಡೆಯುವದೋ ಇಲ್ಲವೋ ನನಗೆ ತಿಳಿಯದು” ಅಂದಳು. ನಾನು ತಲೆತಗ್ಗಿಸಿ ಕೂತೆನು.

ಇದಕ್ಕಿಂತಲೂ ದೊಡ್ಡ ನಾಚಿಕೆಯು ಮುಂದೆ ಇತ್ತು. ನಮ್ಮ ಪಕ್ಕದ ಬೆಂಚಿನಲ್ಲಿ ಬೇರೆ ಊರಿನ ಒಬ್ಬ ಮುದುಕಿಯು ಹೊಟ್ಟೆನೋವಿನಿಂದ ಮಗನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬಂದಾಗ ನರಳುತ್ತಿದ್ದವಳು ಮೆಲ್ಲಗೆ ಸುಮ್ಮನಾದಳು. ನೋವು ಇಳಿಯಿತೆಂದು ಮಗನು ನೆನಸಿದನು. ಆಕೆಯ ಮುಖವು ಬಿಳಿಚಿಕೊಂಡು ಹಣೆಯು ತಣ್ಣಗೆ ಬೆವರಿದ್ದನ್ನು ನಾನು ಕಂಡೆನು. ಇದು ಒಳ್ಳೇದಲ್ಲವೆಂದು ಮನಸ್ಸು ಹೇಳಿತು. ಆದರೆ ಒಂದು ಸಾರಿ ಜಗಳಾಡಿ ಮಾನ ಕಳಕೊಂಡಿದ್ದೆನಲ್ಲಾ! ತಿರುಗಿ ಆ ಮೇಜಿನ ಮುಂದೆ ನಿಲ್ಲುವದಕ್ಕೆ ನಾಚಿ ಸುಮ್ಮನಿದ್ದೆನು. ಒಂದು ತಾಸಿನ ಮೇಲೆ ಕಸ ಗುಡಿಸುವ ಹೆಂಗಸು ಆಕೆಯನ್ನು ಮುಟ್ಟಿ ನೋಡಿ ಕೂಗಿಕೊಂಡಳು. ಎಲ್ಲರೂ ಓಡಿಬಂದು ಒಳಗೆ ಎತ್ತಿಕೊಂಡು ಹೋದರು. ಬೆಳಗಾಗುವದರೊಳಗೆ ಆಕೆಯು ತೀರಿಕೊಂಡಳು. “ಅವರಾಗಿಯೇ ಕರೆಯುವರೆಂದು ಕಾದೆನು” ಎಂದು ಮಗನು ಅಳುತ್ತಾ ಹೇಳಿದನು.

ಆ ಒಂದು ತಾಸು ಮುಂಚಿತವಾಗಿ ನಾನು ಹೇಳಿದ್ದರೆ ಆಕೆಯು ಬದುಕುತ್ತಿದ್ದಳೋ, ದೇವರೇ ಬಲ್ಲನು. ನನ್ನವನ ಸರದಿಗಾಗಿ ದೊಡ್ಡದಾಗಿ ತೆರೆದ ಬಾಯಿ ನೆರೆಯವಳ ಪ್ರಾಣಕ್ಕಾಗಿ ತೆರೆಯಲಿಲ್ಲವೆಂಬದನ್ನು ನಾನೇ ಬಲ್ಲೆನು. ಬಾಯಿಲ್ಲದವರಿಗಾಗಿ ಮಾತಾಡಬೇಕೆಂದು ಅರಸನಾದ ಲೆಮೂವೇಲನಿಗೆ ಅವನ ತಾಯಿಯು ಕಲಿಸಿದ ಮಾತನ್ನು ನಾನು ಎಷ್ಟೋ ಸಾರಿ ಬೋಧಿಸಿದ್ದೆನು. ಆ ರಾತ್ರಿ ಕೈಕೊಳ್ಳಲಿಲ್ಲ.

4. ಕಾಯುವದು ಯಾಕೆ ಉದ್ದವಾಗುವದು?

ವೈದ್ಯರು ಸೋಮಾರಿಗಳೆಂದು ಹೇಳಿಬಿಡುವದು ಸುಲಭ. ನಿಜವಾದ ಕಾರಣವು ಅನೇಕ ಸಾರಿ ಕಣ್ಣಿಗೆ ಕಾಣದು. ಕೆರೆಯ ತೂಬು ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಲ್ಲುವದಲ್ಲವೇ? ಹಾಗೆಯೇ ಆಸ್ಪತ್ರೆಯ ವಾರ್ಡುಗಳಲ್ಲಿ ಹಾಸಿಗೆಗಳು ತುಂಬಿದ್ದರೆ, ತುರ್ತು ವಿಭಾಗದಲ್ಲಿ ಚಿಕಿತ್ಸೆ ಹೊಂದಿದವರು ಅಲ್ಲೇ ಮಲಗಿರುವರು; ಅವರು ಹೋಗದೆ ಹೊಸಬರಿಗೆ ಸ್ಥಳವಿಲ್ಲ. ರಾತ್ರಿಯಲ್ಲಿ ವೈದ್ಯರೂ ನರ್ಸುಗಳೂ ಕಡಿಮೆ. ಊರಿನ ಸಮೀಪದಲ್ಲಿ ಆಗಬಹುದಾದ ಸಣ್ಣ ಚಿಕಿತ್ಸೆಗೂ ಜನರು ದೊಡ್ಡ ಆಸ್ಪತ್ರೆಗೇ ಬರುವದರಿಂದ ಗುಂಪು ಹೆಚ್ಚುವದು.

ಐಶ್ವರ್ಯವುಳ್ಳ ದೇಶಗಳಿಗೂ ಈ ಕಷ್ಟವು ತಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ನೂರಕ್ಕೆ 98 ಮಂದಿಯ ಚಿಕಿತ್ಸೆಯು 4 ತಾಸಿನೊಳಗೆ ತೀರಬೇಕೆಂದು 2004ರಲ್ಲಿ ಗುರಿಯಿಟ್ಟರು; 2010ರಲ್ಲಿ ಅದನ್ನು 95ಕ್ಕೆ ಇಳಿಸಿದರು; 2015ರಿಂದೀಚೆಗೆ ವರುಷ ವರುಷವೂ ಆ ಗುರಿಯನ್ನು ಮುಟ್ಟಲಾರದೆ ಹೋದರು. ಆದಕಾರಣ ನಮ್ಮನ್ನು ಕಾಯಿಸುವವರೆಲ್ಲರೂ ನಮ್ಮ ವೈರಿಗಳಲ್ಲ.

ಆದರೂ ಕಾಯಿಸುವದು ಬೇರೆ, ತಳ್ಳಿಬಿಡುವದು ಬೇರೆ. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ಒಬ್ಬ ಕೂಲಿಯವನು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ, ಹಾಸಿಗೆಯಿಲ್ಲ, ಅನುಕೂಲವಿಲ್ಲವೆಂದು ಸರಕಾರದ ಆಸ್ಪತ್ರೆಗಳು ಒಂದಾದ ಮೇಲೊಂದು ಅವನನ್ನು ಹಿಂದಕ್ಕೆ ಕಳುಹಿಸಿದವು. ಕಡೆಗೆ ಅವನು ಹಣಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಹೊಂದಬೇಕಾಯಿತು. ದೇಶದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಸರಕಾರದ ಆಸ್ಪತ್ರೆಯು ಪ್ರಾಣಾಪಾಯದಲ್ಲಿರುವವನಿಗೆ ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಕೊಡದಿರುವದು ಅವನ ಜೀವದ ಹಕ್ಕನ್ನು ಮೀರುವದೆಂದು ತೀರ್ಪುಕೊಟ್ಟು, ಅವನಿಗೆ 25,000 ರೂಪಾಯಿ ಪರಿಹಾರವನ್ನು ಕೊಡಿಸಿತು. ಅದಕ್ಕೆ ಮುಂಚೆ 1989ರಲ್ಲಿಯೇ, ಗಾಯಪಟ್ಟವನಿಗೆ ಮೊದಲು ಚಿಕಿತ್ಸೆ, ಪೊಲೀಸರ ಕಾಗದಪತ್ರವು ಆಮೇಲೆ ಎಂದು ಅದೇ ನ್ಯಾಯಾಲಯವು ಹೇಳಿತ್ತು. ಇವುಗಳನ್ನು ಸಭೆಯವರು ತಿಳಿದಿರಬೇಕು.

5. ಯಾವಾಗ ಬಾಯ್ದೆರೆಯಬೇಕು?

ಒಂದು ಸಾರಿ ವಿಂಗಡಿಸಿದ ಮೇಲೆಯೂ ರೋಗಸ್ಥನ ಸ್ಥಿತಿಯು ಬದಲಾಗಬಹುದು. ಹಸುರಿನವನು ಕೆಂಪಿಗೆ ಬರಬಹುದು. ನರ್ಸಮ್ಮನು ಪ್ರತಿಯೊಬ್ಬನನ್ನು ಕ್ಷಣಕ್ಷಣಕ್ಕೂ ನೋಡಲಾರಳು; ಸಂಗಡ ಬಂದವನ ಕಣ್ಣೇ ಆಕೆಯ ಕಣ್ಣಾಗಬೇಕು. ಕೆಳಗಣ ಗುರುತುಗಳು ಕಂಡರೆ ಸರದಿಯನ್ನು ನೋಡದೆ ಎದ್ದುಹೋಗಿ ಹೇಳತಕ್ಕದ್ದು:

ಉಸಿರಾಟವು ಕಷ್ಟವಾದರೆ, ಎದೆನೋವು ಬಂದರೆ, ಮೈ ತಣ್ಣಗಾಗಿ ಬೆವರಿದರೆ, ನಿಂತ ರಕ್ತವು ತಿರುಗಿ ಹರಿದರೆ, ಬಾಯಿ ಸೊಟ್ಟಗಾಗಿ, ಕೈಕಾಲಿನ ಬಲ ಕುಂದಿ, ಮಾತು ತೊದಲಿದರೆ, ಸೆಳವು ಬಂದರೆ, ಮಾತಾಡುತ್ತಿದ್ದವನು ತಬ್ಬಿಬ್ಬಾದರೆ, ಅಳುತ್ತಿದ್ದ ಕೂಸು ಎಬ್ಬಿಸಿದರೂ ಏಳದಷ್ಟು ಮಂಕಾದರೆ. ನರಳುವವನು ಸುಮ್ಮನಾದದ್ದು ಯಾವಾಗಲೂ ಗುಣದ ಗುರುತಲ್ಲ.

ಹೇಳುವ ರೀತಿಯೂ ಉಂಟು. “ನಾವು ಮೊದಲು ಬಂದೆವು” ಎನ್ನಬೇಡಿರಿ. ಆ ಮಾತು ಅಲ್ಲಿ ನಡೆಯದು. “ಬಂದಾಗ ಹೀಗಿದ್ದರು, ಈಗ ಹೀಗಾಗಿದ್ದಾರೆ, ದಯವಿಟ್ಟು ತಿರುಗಿ ನೋಡಿರಿ” ಎನ್ನಿರಿ. ಒಬ್ಬರು ಕೇಳದಿದ್ದರೆ ಮತ್ತೊಬ್ಬರಿಗೆ ಹೇಳಿರಿ. ನಿಮ್ಮ ಪಕ್ಕದವನು ಯಾವ ಜಾತಿಯವನಾದರೂ ಯಾವ ಮತದವನಾದರೂ ಅವನಿಗಾಗಿಯೂ ಹೀಗೆಯೇ ಹೇಳಿರಿ.

6. ಮನೆಯಲ್ಲಿಯೇ ಆಗುವ ತಡ

ಆಸ್ಪತ್ರೆಯಲ್ಲಿ ಎರಡು ತಾಸು ಕಾದದ್ದನ್ನು ವರುಷವೆಲ್ಲಾ ಹೇಳುವ ನಾವು, ಮನೆಯಲ್ಲಿ ಎರಡು ದಿವಸ ಕಾಯಿಸಿದ್ದನ್ನು ಮರೆತುಬಿಡುತ್ತೇವೆ. ಹಾವು ಕಚ್ಚಿದವನನ್ನು ಮಂತ್ರ ಹಾಕುವವನ ಬಳಿಗೆ ಒಯ್ದು ಹೊತ್ತು ಕಳೆಯುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಕಚ್ಚಿದ ಸ್ಥಳವನ್ನು ಕೊಯ್ಯುವದೂ, ಬಾಯಿಂದ ಹೀರುವದೂ, ಹಗ್ಗದಿಂದ ಬಿಗಿಯುವದೂ ಕೇಡನ್ನೇ ಮಾಡುವವು. ಆ ಅಂಗವನ್ನು ಅಲುಗಾಡಿಸದೆ, ಹಾವನ್ನು ಹುಡುಕುತ್ತಾ ನಿಲ್ಲದೆ, ವಿಷಕ್ಕೆ ಚುಚ್ಚುಮದ್ದು ದೊರಕುವ ಆಸ್ಪತ್ರೆಗೆ ಒಯ್ಯತಕ್ಕದ್ದು. ಲಕ್ವ ಹೊಡೆದಾಗ, ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದಕ್ಕೆ ಮುಂಚೆ ತಲೆಯ ಚಿತ್ರವನ್ನು ತೆಗೆದು ನೋಡಬೇಕಾದದರಿಂದ, ಬೆಳಗಾಗಲಿ ಎಂದು ಕಾಯಕೂಡದು.

ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ 108ರ ಆಂಬುಲೆನ್ಸ್ ಹಣವಿಲ್ಲದೆ ಬರುವದು. ಹೊರಡುವಾಗ ಹಳೇ ಚೀಟಿಗಳನ್ನೂ, ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನೂ ಸಂಗಡ ಒಯ್ಯಿರಿ. ನೋವು ಎಷ್ಟು ಗಂಟೆಗೆ ಆರಂಭವಾಯಿತೆಂಬದನ್ನು ನೆನಪಿಡಿರಿ. ಶಸ್ತ್ರಚಿಕಿತ್ಸೆ ಬೇಕಾದೀತಾದದರಿಂದ, ವೈದ್ಯರು ಹೇಳುವ ತನಕ ರೋಗಸ್ಥನಿಗೆ ಉಣ್ಣಲಿಕ್ಕೆ ಕೊಡಬೇಡಿರಿ. ಓದುಬರಹ ಬಲ್ಲ ಒಬ್ಬರು ಸಂಗಡ ಹೋಗುವದು ಒಳ್ಳೇದು. ಪ್ರತಿ ಸಭೆಯಲ್ಲಿಯೂ ರಾತ್ರಿ ಕರೆದರೆ ಹೊರಡತಕ್ಕ ಇಬ್ಬರನ್ನು ಗೊತ್ತುಮಾಡಿಕೊಂಡರೆ, ಅದು ಒಂದು ದೊಡ್ಡ ಸೇವೆಯಾಗುವದು.

ಸಮಾಪ್ತಿ

ಯಾಯೀರನ ಮನೆಯಲ್ಲಿ ಕರ್ತನು ಹುಡುಗಿಯನ್ನು ಎಬ್ಬಿಸಿದ ಮೇಲೆ ಆಕೆಗೆ ಊಟ ಕೊಡಬೇಕೆಂದು ಹೇಳಿದನು. ಮರಣವನ್ನು ಜಯಿಸಿದಾತನು ಹುಡುಗಿಯ ಹಸಿವನ್ನು ಮರೆಯಲಿಲ್ಲ. ಅಂಥಾ ಒಡೆಯನ ಶಿಷ್ಯರಾದ ನಾವು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ನಮಗಿಂತ ಹೆಚ್ಚು ಅಪಾಯದಲ್ಲಿರುವವನಿಗೆ ದಾರಿ ಬಿಡೋಣ; ನಮ್ಮ ಪಕ್ಕದಲ್ಲಿ ಸುಮ್ಮನಾಗುತ್ತಿರುವವನನ್ನು ತಿರುಗಿ ನೋಡೋಣ. ನಾನು ಆ ರಾತ್ರಿ ಮಾಡದೆ ಬಿಟ್ಟದ್ದನ್ನು ನೀವು ಮಾಡಿರಿ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ಯಾಯೀರನ ತಾಳ್ಮೆಯಿಂದಲೂ ಹೆಂಗಸಿನ ಧೈರ್ಯದಿಂದಲೂ ನಾವು ಏನು ಕಲಿಯುತ್ತೇವೆ?
2. ಗಿರಣಿಯ ಸರದಿಗೂ ಆಸ್ಪತ್ರೆಯ ಸರದಿಗೂ ಇರುವ ಭೇದವೇನು?
3. ಯಾವ ಗುರುತುಗಳು ಕಂಡರೆ ಎದ್ದುಹೋಗಿ ಹೇಳಬೇಕು?
4. ನಮ್ಮ ಸಭೆಯಲ್ಲಿ ರಾತ್ರಿ ರೋಗಸ್ಥನ ಸಂಗಡ ಹೋಗತಕ್ಕವರು ಯಾರು?

ಪ್ರಾರ್ಥನೆಯ ವಿಷಯ: ಈ ರಾತ್ರಿ ಆಸ್ಪತ್ರೆಯ ಬಾಗಲಲ್ಲಿ ಕಾಯುವವರಿಗಾಗಿಯೂ, ಅವರನ್ನು ನೋಡುವ ವೈದ್ಯರು, ನರ್ಸುಗಳು, ಕಸ ಗುಡಿಸುವವರು ಇವರೆಲ್ಲರಿಗಾಗಿಯೂ.