ಕಥೆಯಲ್ಲಿ ಕುತೂಹಲ ಮತ್ತು ಮುನ್ಸೂಚನೆ

ಅಂತ್ಯವನ್ನು ಬಚ್ಚಿಟ್ಟರೆ ಮಾತ್ರ ಕುತೂಹಲವುಂಟಾಗುವುದೆಂದು ಕಥೆ ಬರೆಯುವ ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ಕರ್ನಾಟಕದಿಂದ ಬಂದ ಭಾಗವತರ ಆಟದಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆಯವರು 1843ರಲ್ಲಿ ಇದೇ ಸಾಂಗಲಿಯಲ್ಲಿ ‘ಸೀತಾಸ್ವಯಂವರ’ ನಾಟಕವನ್ನು ಆಡಿಸಿದರು. ಬಿಲ್ಲನ್ನು ಮುರಿಯುವವನು ರಾಮನೆಂಬುದನ್ನು ಅರಿಯದ ಪ್ರೇಕ್ಷಕನು ಯಾರಿದ್ದಾನು? ಆದರೂ ಆ ಕಥೆಯಲ್ಲಿ ಅರಸರು ಒಬ್ಬೊಬ್ಬರಾಗಿ ಸೋತು ಕುಳಿತಂತೆಲ್ಲ ಸೀತೆಯ ಕಳವಳವು ನಮ್ಮದೂ ಆಗುತ್ತದೆ. ಅಲ್ಲಿ ಕೆಲಸ ಮಾಡುವುದು ಗುಟ್ಟಲ್ಲ, ವಿಳಂಬ.

ಮುನ್ಸೂಚನೆಗೆ ಮುಧೋಳದ ರನ್ನನ ‘ಗದಾಯುದ್ಧ’ವನ್ನೇ ನೋಡಬೇಕು. ದುಶ್ಶಾಸನನ ರಕ್ತವನ್ನು ಕುಡಿಯುವೆನು, ದುರ್ಯೋಧನನ ತೊಡೆಯನ್ನು ಮುರಿಯುವೆನು ಎಂಬುದು ಭೀಮನ ಪ್ರತಿಜ್ಞೆ. ಕೊಳವನ್ನು ಹೊಗುವ ಮೊದಲು ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳನ್ನು ಕಾಣುತ್ತಾನೆ. ತಮ್ಮನ ಎದೆಯಲ್ಲಿ ಪ್ರತಿಜ್ಞೆಯ ಅರ್ಧವು ಆಗಲೇ ನೆರವೇರಿದೆ. ಅಣ್ಣನು ಅಲ್ಲಿ ಅಳುತ್ತಾನೆ; ಓದುಗನ ದೃಷ್ಟಿಯೋ ಅವನ ತೊಡೆಯ ಮೇಲಿರುತ್ತದೆ.