ಮುಚ್ಚಿದ ಕೋಣೆಗೂ ಗಾಳಿ ಬೇಕು ಪುಟ್ಟಿ

ಶ್ರೀನಿವಾಸಪುರ

ಚಿ. ಪುಟ್ಟಿಗೆ,

ನೀನು ಮಾಲೂರಿನಿಂದ ಕಳಿಸಿದ ಅಣಬೆಯ ಫೋಟೋಗಳನ್ನು ನಿಮ್ಮಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ‘ಇದೇನ್ರೀ, ಹುರುಳಿಕಾಳು ಮೊಳಕೆ ಬಂದಂಗೈತೆ’ ಅಂದಳು. ತಮಾಷೆಗೆ ಅಂದರೂ ಸರಿಯಾಗೇ ಹೇಳಿದಳು. ತೊಟ್ಟು ಬೆರಳುದ್ದ ಬೆಳೆದಿದೆ, ಕೊಡೆ ಮಾತ್ರ ಅಂಗಿ ಗುಂಡಿಯಷ್ಟು. ‘ತೇವ ಶೇಕಡಾ 92 ಇದೆ, ಶಾಖ 25 ಡಿಗ್ರಿ ಇದೆ, ಬೀಜ ಹೊಸದು, ಮತ್ತೆ ಯಾಕೆ ಹೀಗೆ ತಾತ?’ ಅಂತ ಕೇಳಿದ್ದೀಯ. ತೇವ ಅಷ್ಟು ಚೆನ್ನಾಗಿ ನಿಂತಿರುವುದೇ ನನಗೆ ಅನುಮಾನ. ತೇವ ಹೊರಗೆ ಹೋಗಬಾರದು ಅಂತ ನೀನು ಗಾಳಿಯನ್ನೂ ಕೂಡಿಹಾಕಿದ್ದೀಯ.

ಅಣಬೆ ಗಿಡವಲ್ಲ. ಮುಚ್ಚಿದ ಕೋಣೆಯಲ್ಲಿ ಸೊಪ್ಪು ಬೆಳೆಯುವ ಕೆಲವರು ಇಂಗಾಲದ ಡೈಆಕ್ಸೈಡ್ ಸಾಲದು ಅಂತ ಸಿಲಿಂಡರ್ ತಂದು ಬಿಡುತ್ತಾರೆ. ಅಣಬೆ ನಮ್ಮ ಹಾಗೆಯೇ ಆಮ್ಲಜನಕ ತೆಗೆದುಕೊಂಡು ಆ ಅನಿಲವನ್ನು ಹೊರಗೆ ಬಿಡುತ್ತದೆ. ಬಯಲಿನ ಗಾಳಿಯಲ್ಲಿ ಈಗ ಅದು ಹತ್ತು ಲಕ್ಷಕ್ಕೆ 420 ಪಾಲು ದಾಟಿದೆ, ನಿಮ್ಮ ಭಾಷೆಯಲ್ಲಿ 420 ಪಿಪಿಎಂ. ಚಿಪ್ಪು ಅಣಬೆಗೆ ಬೀಜ ಹಬ್ಬುವ ಮೊದಲ 15–20 ದಿನ ಅದು ಹೆಚ್ಚಿದ್ದರೂ ನಡೆಯುತ್ತದೆ, ಚೀಲದೊಳಗೆ ಸಾವಿರಗಟ್ಟಲೆ ಏರಿದರೂ ಬಿಳಿ ನೂಲು ಹಬ್ಬುತ್ತಲೇ ಇರುತ್ತದೆ. ಮೊಗ್ಗು ಕಟ್ಟುವ ಹೊತ್ತಿಗೆ ಮಾತ್ರ ಲೆಕ್ಕ ಬೇರೆ. ಆಗ 1000ದ ಒಳಗೇ ಇರಬೇಕು. ಕಾಡಿನಲ್ಲಿ ಅಣಬೆ ಮರದ ಒಳಗಿಂದ ಹೊರಗೆ ತಲೆ ಹಾಕಿ ಕೊಡೆ ಬಿಚ್ಚುವುದು. ಸುತ್ತ ಕೆಟ್ಟ ಗಾಳಿ ಇದ್ದರೆ ಇನ್ನೂ ಹೊರಗೆ ಬಂದಿಲ್ಲ ಅನ್ನುವಂತೆ ತೊಟ್ಟನ್ನೇ ಉದ್ದ ಮಾಡುತ್ತಾ ಹೋಗುತ್ತದೆ. ನಿನ್ನ ಫೋಟೋದಲ್ಲಿ ಕಾಣುವುದು ಅದೇ. ಬೀಜ ತಂದ ಜಾಗವನ್ನು ದೂರಬೇಡ.

ಮುಚ್ಚಿದ ಜಾಗದ ಗಾಳಿ ನಮ್ಮ ಜಿಲ್ಲೆಗೆ ಹೊಸ ಸಂಗತಿಯಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳ, ತಳದ ಬಂಡೆಯ ಶಾಖ 60 ಡಿಗ್ರಿ ಮೀರುತ್ತಿತ್ತು. 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲಿ ಚಿನ್ನಕ್ಕಿಂತ ಮೊದಲು ಗಾಳಿಯ ಚಿಂತೆ. ಅಷ್ಟು ದೂರ ಯಾಕೆ, ನಮ್ಮ ಹಳೆಯ ಮನೆಗಳ ಹಗೇವು ಇತ್ತಲ್ಲ, ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹೊದಿಸಿ, ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಹಿಡಿಯುತ್ತಿರಲಿಲ್ಲ. ಕಾಳು ಉಸಿರಾಡಿ ಆಡಿ ಒಳಗಿನ ಆಮ್ಲಜನಕ ಮುಗಿಸಿ, ಇಂಗಾಲದ ಡೈಆಕ್ಸೈಡ್ ತುಂಬುತ್ತಿತ್ತು. ಹುಳು ಬದುಕುವುದಾದರೂ ಹೇಗೆ? ಅದಕ್ಕೇ ಹಗೇವು ತೆರೆದ ದಿನ ಯಾರೂ ಸೀದಾ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಆ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಗುಂಡಿಯಲ್ಲಿ ನಿಂತರೆ ತಾನಾಗಿ ಮೇಲೆ ಬರುವುದಿಲ್ಲ. ಹಳೆಯ ಬಾವಿಗೆ ಇಳಿದವರು, ಅವರನ್ನು ಎತ್ತಲು ಇಳಿದವರು, ಸಾಲಾಗಿ ಸತ್ತ ಸುದ್ದಿ ಪತ್ರಿಕೆಯಲ್ಲಿ ಈಗಲೂ ಬರುತ್ತದೆ.

ರೇಷ್ಮೆಯ ಹುಳು ಮನೆಯಲ್ಲಿ ಬೆಳೆದವಳಿಗೆ ಇದನ್ನು ಹೇಳಬೇಕೆ? ಆದರೆ ನೀನು ಆಗ ಚಿಕ್ಕವಳು, ಸೊಪ್ಪು ಹಾಕುವಾಗ ಬಾಗಿಲಲ್ಲಿ ನಿಲ್ಲಿಸಿ ಕಾಲು ತೊಳೆಸಿದ್ದಷ್ಟೇ ನೆನಪಿರಬಹುದು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಶಾಖ, 85–90 ತೇವ. ತಟ್ಟೆಯ ಮೇಲೆ ಪ್ಯಾರಾಫಿನ್ ಕಾಗದ ಹೊದಿಸಿ, ಅಂಚಿಗೆ ಒದ್ದೆ ಸ್ಪಂಜಿನ ಪಟ್ಟಿ ಇಡುತ್ತಿದ್ದೆವು. ಅದೇ ಹುಳು ಪೊರೆ ಬಿಡಲು ಜ್ವರಕ್ಕೆ ಕೂತರೆ ಕಾಗದ ತೆಗೆಯಬೇಕು, ಹಾಸು ಒಣಗಬೇಕು, ಸುಣ್ಣ ಚಿಮುಕಿಸಬೇಕು. ನಾಲ್ಕನೇ ಜ್ವರ ಎದ್ದ ಮೇಲೆ 24–25 ಡಿಗ್ರಿ, ತೇವ 70 ಸಾಕು. ಆಗ ಸೊಪ್ಪು ತಿನ್ನುವುದೂ ವಿಪರೀತ, ಹಿಕ್ಕೆ ಬೀಳುವುದೂ ವಿಪರೀತ. ಮೂಗಿಗೆ ಖಾರವಾದ ವಾಸನೆ ಹೊಡೆದರೆ ಕಿಟಕಿ ತೆರೆಯಲು ತಡವಾಗಿದೆ ಎಂದೇ ಅರ್ಥ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲಂತೂ ತೇವ 60–65ಕ್ಕಿಂತ ಮೇಲೆ ಹೋಗಬಾರದು. ಗೂಡು ಕಟ್ಟುವ ಮುಂಚೆ ಹುಳು ಮೈಯ ನೀರೆಲ್ಲ ಹೊರಗೆ ಬಿಡುತ್ತದೆ, ಆ ಹಸಿ ಆರದಿದ್ದರೆ ನೂಲು ಒಂದಕ್ಕೊಂದು ಅಂಟಿ, ಬಿಚ್ಚುವಾಗ ಕಡಿಯುತ್ತದೆ. ಕ್ಯಾಲನೂರಿನ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರು ಗೂಡನ್ನು ಕೈಯಲ್ಲಿ ಅಲ್ಲಾಡಿಸಿ, ಒತ್ತಿ ನೋಡಿ ಬೆಲೆ ಕೂಗುತ್ತಿದ್ದ. ಅವನು ಗೂಡು ಕಟ್ಟಿದ ದಿನಗಳ ಗಾಳಿಗೆ ಬೆಲೆ ಕಟ್ಟುತ್ತಿದ್ದ ಅಂತಲೇ ನನ್ನ ಲೆಕ್ಕ.

1980ರಲ್ಲಿ ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಎಲ್ಲರೂ ಕಿಟಕಿಗೆ ಬಲೆ ಹೊಡೆದರು. ಬಲೆಯ ಕಣ್ಣಿಗೆ ಧೂಳು ಕೂತು ಗಾಳಿ ಅರ್ಧ ನಿಂತಿತು. ಗಾಳಿಯಾಡದ ಆ ತೇವಕ್ಕೆ ಮಳೆಗಾಲದಲ್ಲಿ ಸುಣ್ಣಕಟ್ಟು ರೋಗ ಬಂದಾಗ ಹುಳುಗಳು ಕಟ್ಟಿಗೆಯ ಹಾಗೆ ಸೆಟೆದು ಬೆಳ್ಳಗೆ ಆಗಿರುತ್ತಿದ್ದವು. ಅದಕ್ಕೇ ನಿನ್ನ ಕೋಣೆಯ ಫಿಲ್ಟರಿನ ಬಟ್ಟೆಯನ್ನು ತಪ್ಪದೆ ಒಗೆಯುತ್ತಿರು.

ಈಗ ನಿನ್ನ ಕಷ್ಟಕ್ಕೆ ಬರೋಣ. ಹೊಸ ಗಾಳಿ ಬಿಟ್ಟರೆ ತೇವ ಇಳಿಯುತ್ತದೆ, ತೇವ ಕಾಪಾಡಿದರೆ ಗಾಳಿ ಕೆಡುತ್ತದೆ. ಇದಕ್ಕೆ ಒಂದೇ ದಾರಿ, ಒಳಗೆ ಬರುವ ಗಾಳಿಯನ್ನೇ ಬಾಗಿಲಲ್ಲಿ ನೆನೆಸಿ ಕರೆದುಕೊಳ್ಳುವುದು. ನಾವು ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುತ್ತಿದ್ದೆವು, ನೀನು ಕೂಲರ್ ಪ್ಯಾಡ್ ಕಟ್ಟು. ಅಣಬೆಯ ಮೇಲೆ ದಿನವಿಡೀ ಮಂಜು ಹೊಡೆಯುವುದಕ್ಕಿಂತ ಇದು ಎಷ್ಟೋ ಮೇಲು.

ಲೆಕ್ಕ ಹಾಕಿ ನೋಡಿದೆ. ನಿನ್ನ ಕೋಣೆ 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಅಂದೆಯಲ್ಲ, ಒಟ್ಟು 2000 ಘನ ಅಡಿ. ಅಣಬೆ ಬಿಡುವ ಹೊತ್ತಿಗೆ ಗಂಟೆಗೆ 6 ಸಲ ಗಾಳಿ ಬದಲಾಗಲಿ ಅಂದುಕೊಂಡರೆ 12,000 ಘನ ಅಡಿ, ಸುಮಾರು 340 ಘನ ಮೀಟರ್. ಏಪ್ರಿಲ್ ಮಧ್ಯಾಹ್ನ ಹೊರಗೆ 34 ಡಿಗ್ರಿ ಶಾಖ, 30ರಷ್ಟು ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ 11 ಗ್ರಾಂ ನೀರು ಇರುತ್ತದೆ. ನಿನ್ನ ಕೋಣೆಯಲ್ಲಿ 25 ಡಿಗ್ರಿ, 88 ತೇವ ಬೇಕಾದರೆ 20 ಗ್ರಾಂ ಇರಬೇಕು. ಉಳಿದ 9 ಗ್ರಾಂ ನೀನೇ ಕೊಡಬೇಕು, ಅಂದರೆ ಗಂಟೆಗೆ 3 ಲೀಟರ್ ನೀರು. ಸಾವಿರ ಅಡಿ ಕೊರೆದರೂ ನೀರು ಸಿಗುವುದು ಖಾತ್ರಿಯಿಲ್ಲದ ಸೀಮೆಯಲ್ಲಿ ಇದು ಸಣ್ಣ ಲೆಕ್ಕವಲ್ಲ. ಆದರೆ ಬರಗಾಲದ ಈ ಒಣ ಗಾಳಿಯಲ್ಲೇ ನಮಗೊಂದು ಲಾಭವಿದೆ. ಆ ಗಾಳಿ ಒದ್ದೆ ಪ್ಯಾಡ್ ದಾಟುವಾಗ 24 ಡಿಗ್ರಿಯ ಹತ್ತಿರಕ್ಕೆ ತಣ್ಣಗಾಗುತ್ತದೆ. ಎಸಿ ಇಲ್ಲದೆ ಬೇಸಗೆ ಕಳೆಯಬಹುದು. ಮಂಗಳೂರಿನವರಿಗೆ ಈ ಭಾಗ್ಯವಿಲ್ಲ. ನಮ್ಮಲ್ಲೂ ಮಳೆಗಾಲದಲ್ಲಿ ಪ್ಯಾಡಿನಿಂದ ಹೆಚ್ಚೇನೂ ತಣ್ಣಗಾಗುವುದಿಲ್ಲ, ಆಗ ಅದನ್ನು ಒಣಗಲು ಬಿಟ್ಟು ಬರೀ ಗಾಳಿ ಆಡಿಸು.

ಫ್ಯಾನ್ ದೊಡ್ಡದು ತರಬೇಡ. 12 ಅಂಗುಲದ ಎಕ್ಸಾಸ್ಟ್ ಫ್ಯಾನ್ ನಿನ್ನ ಇಡೀ ಕೋಣೆಯ ಗಾಳಿಯನ್ನು ಕೆಲವೇ ನಿಮಿಷದಲ್ಲಿ ಎಳೆದು ಹಾಕುತ್ತದೆ. ಟೈಮರ್ ಹಾಕಿ, ಸ್ವಲ್ಪ ಸ್ವಲ್ಪ ಹೊತ್ತು, ಹಲವು ಸಲ ಓಡಿಸು. ಪ್ಯಾಡು ಒಂದು ಗೋಡೆಗೆ, ಫ್ಯಾನು ಎದುರು ಗೋಡೆಗೆ ಕೆಳಗೆ. ನಡುವೆ ಚೀಲದ ಸಾಲುಗಳು ಗಾಳಿಗೆ ಅಡ್ಡ ನಿಲ್ಲದಂತೆ ಉದ್ದಕ್ಕೆ ಕಟ್ಟು. ತೇವದ ಮೀಟರನ್ನು ಬಾಗಿಲ ಪಕ್ಕ ನಿನ್ನ ಮುಖದ ಎತ್ತರಕ್ಕೆ ಸಿಕ್ಕಿಸಿದ್ದೀಯ. ಮೂಲೆಯ ಕೆಳಗಿನ ಚೀಲದ ಪಕ್ಕ ಒಂದು ರಾತ್ರಿ ಇಟ್ಟು ನೋಡು, ಆಮೇಲೆ ನನಗೆ ಫೋನು ಮಾಡು.

ಆ ಅಗ್ಗದ ತೇವದ ಮೀಟರು 90 ದಾಟಿದರೆ ನೆಚ್ಚಬೇಡ. ರೇಷ್ಮೆ ಮಾಡುವಾಗಿನ ಒಣ ಬಲ್ಬ್–ಒದ್ದೆ ಬಲ್ಬ್ ಥರ್ಮಾಮೀಟರು ಅಟ್ಟದ ಮೇಲಿದೆ, ಬತ್ತಿ ಬದಲಾಯಿಸಿ ಕಳಿಸುತ್ತೇನೆ. ಒಣದು 25, ಒದ್ದೆಯದು 23.5 ತೋರಿಸಿದರೆ ತೇವ ಸುಮಾರು 88. ನಿನಗೆ ಅಷ್ಟು ಸಾಕು. 25 ಡಿಗ್ರಿಯಲ್ಲಿ 90 ತೇವ ಅಂದರೆ ಯಾವುದಾದರೂ ಗೋಡೆ, ತಗಡು 23 ಡಿಗ್ರಿಗೆ ಇಳಿದರೂ ನೀರು ಕಟ್ಟುತ್ತದೆ ಅಂತ ಅರ್ಥ. ಮಾಲೂರಿನ ಚಳಿಗಾಲದ ರಾತ್ರಿಗೆ ತಗಡು ಅಲ್ಲಿಗೆ ಇಳಿಯಲು ಎಷ್ಟು ಹೊತ್ತು? ಆ ಹನಿ ಕೊಡೆಯ ಮೇಲೆ ಬಿದ್ದು ಆರದೆ ಕೂತರೆ ಹಳದಿ ಮಚ್ಚೆ ಬಂದು, ಮರುದಿನ ಕಂದಾಗಿ, ಬೆರಳಿಗೆ ಲೋಳೆ ಹತ್ತುತ್ತದೆ. ನಿಮ್ಮೂರಿನ ಹೆಂಚಿನ ಮನೆಗಳಲ್ಲಿ ಈ ಕಾಟ ಇರಲಿಲ್ಲ, ಹೆಂಚಿನ ಸಂದಿನಲ್ಲಿ ಬಿಸಿಗಾಳಿ ತಾನೇ ಹೊರಟು ಹೋಗುತ್ತಿತ್ತು. ನೀನು ಸಂದೇ ಇಲ್ಲದ ಪ್ಯಾನೆಲ್ ಗೋಡೆ ಕಟ್ಟಿದ್ದೀಯ, ಸಂದು ಮಾಡುವ ಜವಾಬ್ದಾರಿಯೂ ನಿನ್ನದೇ.

ನೀರಿನ ವಿಷಯ. ನಮ್ಮ ಬೋರಿನ ಗಡಸು ನೀರು ಮಂಜಿನ ನಳಿಕೆಯನ್ನು ಬೇಗ ಕಟ್ಟಿಸುತ್ತದೆ. ಛಾವಣಿಯ ಮಳೆನೀರು ಹಿಡಿದಿಡು. 2018ರಿಂದ ಕೆ.ಸಿ. ವ್ಯಾಲಿ ನೀರು ಬಂದು ಕೆರೆಗಳು ತುಂಬಿದ್ದು ಸಂತೋಷವೇ. ಆದರೆ ಅದು ಬೆಂಗಳೂರಿನ ಚರಂಡಿ ನೀರು ಶುದ್ಧಮಾಡಿ ಬಿಟ್ಟದ್ದು. ತಿನ್ನುವ ಅಣಬೆಯ ಮೇಲೆ ಕೆರೆ ನೀರು ಚಿಮುಕಿಸಬೇಡ.

ಪಕ್ಕದ ಕೋಣೆಯಲ್ಲಿ ಎಲ್‌ಇಡಿ ಬೆಳಕಲ್ಲಿ ಸೊಪ್ಪು ಬೆಳೆದು, ಅಣಬೆಯ ಗಾಳಿಯನ್ನು ಪೈಪಿನಲ್ಲಿ ಅಲ್ಲಿಗೆ ಕಳಿಸುವ ಯೋಚನೆ ಬರೆದಿದ್ದೀಯ. ಕೆಟ್ಟ ಯೋಚನೆಯಲ್ಲ. ಕ್ಯಾಪ್ಸಿಕಂ ಪಾಲಿಹೌಸಿನಲ್ಲಿ ಪಕ್ಕದ ಪರದೆ ಇಳಿಬಿಟ್ಟು ಬಿಸಿಲೇರಿದರೆ ಗಿಡಗಳು ಒಳಗಿನ ಇಂಗಾಲದ ಡೈಆಕ್ಸೈಡನ್ನೆಲ್ಲ ಹೀರಿ ಹೊರಗಿಗಿಂತ ಕಡಿಮೆ ಮಾಡಿಬಿಡುತ್ತವೆ. ಪರದೆ ಎತ್ತುವುದು ಶಾಖಕ್ಕಾಗಿ ಮಾತ್ರವಲ್ಲ. ನಿನ್ನ ಸೊಪ್ಪಿಗೆ 800–1000 ಪಿಪಿಎಂ ಸಿಕ್ಕರೆ ಚೆನ್ನಾಗಿ ಬರುತ್ತದೆ. ಆದರೆ ದೀಪ ಆರಿದ ಮೇಲೆ ಸೊಪ್ಪೂ ಉಸಿರು ಬಿಡುವುದೇ, ಆಗ ಪೈಪು ಮುಚ್ಚಬೇಕು. ಜೊತೆಗೆ ಅಣಬೆಯ ಬೀಜಕಣ ಸೊಪ್ಪಿನ ಮೇಲೆಲ್ಲ ಕೂರುತ್ತದೆ. ಮೊದಲು ಒಂದು ಕೋಣೆ ಗೆಲ್ಲು, ಎರಡನೆಯದು ಆಮೇಲೆ.

ಮುಚ್ಚಿದ ಕೋಣೆಯ ಗಾಳಿ ನಮ್ಮ ಶ್ರೀನಿವಾಸಪುರದ ಮಾವಿನ ವ್ಯಾಪಾರಿಗಳಿಗೂ ಇದೇ ಪಾಠ ಕಲಿಸಿದೆ. ಕಾರ್ಬೈಡ್ ಬಿಟ್ಟು ಹಣ್ಣು ಮಾಗಿಸುವ ಚೇಂಬರ್ ಮಾಡಿದವರು ಎಥಿಲೀನ್ ಅನಿಲ ಬಿಡುತ್ತಾರೆ, 100 ಪಿಪಿಎಂವರೆಗೆ ಬಿಡಲು 2016ರಲ್ಲಿ ಎಫ್‌ಎಸ್‌ಎಸ್‌ಎಐ ಒಪ್ಪಿದೆ. ಬಾದಾಮಿ ಮಾವು ಹಣ್ಣಾಗುತ್ತಾ ತಾನೂ ಉಸಿರು ಬಿಟ್ಟು ಕೋಣೆ ತುಂಬಿಸುತ್ತದೆ. ಇಂಗಾಲದ ಡೈಆಕ್ಸೈಡ್ ಶೇಕಡಾ 1 ದಾಟಿದರೆ ಎಥಿಲೀನ್ ಇದ್ದೂ ಹಣ್ಣಾಗುವುದು ಕುಂಟುತ್ತದೆ. ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದವನ ಹಣ್ಣು ಒಂದೇ ಬಣ್ಣಕ್ಕೆ ತಿರುಗುತ್ತದೆ.

ನಿನ್ನ ಮೈಯ ಬಗ್ಗೆ ಎರಡು ಮಾತು, ಇದರಲ್ಲಿ ವಾದ ಬೇಡ. ಚಿಪ್ಪು ಅಣಬೆಯ ಬೀಜಕಣ ಹೊಗೆಯಂತೆ ಹಾರುತ್ತದೆ, ದಿನವೂ ಕುಡಿದರೆ ಕೆಮ್ಮು, ಜ್ವರ, ಶ್ವಾಸಕೋಶದ ಅಲರ್ಜಿ. ಕೊಡೆಯ ಅಂಚು ಮೇಲಕ್ಕೆ ಮಡಿಚುವ ಮುಂಚೆಯೇ ಕೊಯ್ದುಬಿಡು, ಮಾಸ್ಕ್ ಹಾಕದೆ ಒಳಗೆ ಹೋಗಬೇಡ. ಇನ್ನೊಂದು, ಡಿಸೆಂಬರ್ ಚಳಿಗೆ ಯಾರಾದರೂ ಇದ್ದಿಲ ಒಲೆ ಇಡು ಅಂದಾರು. ಹುಳು ಮನೆಗಳಲ್ಲಿ ಇಡುತ್ತಿದ್ದರು, ನಿಜ. ಅವು ಹೆಂಚಿನ ಮನೆಗಳು. ನಿನ್ನ ಪ್ಯಾನೆಲ್ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಕಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣವಿಲ್ಲ. ದೀಪ ಇಳಿಸಿ ನೋಡಿದರೂ ತಿಳಿಯದು, ದೀಪ ಉರಿಯುತ್ತಲೇ ಇರುತ್ತದೆ. ಬೀಜ ಹಬ್ಬುವ ಕೋಣೆಯಲ್ಲಿ ರಾತ್ರಿ ಮಲಗುವುದೂ ಬೇಡ. ಇಂಗಾಲದ ಡೈಆಕ್ಸೈಡಿಗೆ ಕೆಲಸದ ಜಾಗದಲ್ಲಿ 8 ಗಂಟೆಗೆ ಹಾಕಿರುವ ಮಿತಿಯೇ 5000 ಪಿಪಿಎಂ, ಚೀಲ ತುಂಬಿದ ಮುಚ್ಚಿದ ಕೋಣೆ ಅದನ್ನು ದಾಟುವುದು ಕಷ್ಟವೇನಲ್ಲ. ಕರೆಂಟು ಹೋದರೆ ತೇವ ಹೋಗಲಿ, ಬಾಗಿಲು ತೆರೆ.

ಮುಂದಿನ ಚೀಲ ಕಟ್ಟುವ ಮುಂಚೆ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಸಲ ಹೋಗಿ ಬಾ, ಈ ಉದ್ದ ತೊಟ್ಟಿನ ಅಣಬೆಯನ್ನೂ ತೆಗೆದುಕೊಂಡು ಹೋಗು. ಎರಡನೇ ಕೋಣೆಗೆ ಸಾಲ ಮಾಡುವ ಯೋಚನೆ ಇದ್ದರೆ ಸದ್ಯಕ್ಕೆ ನಿಲ್ಲಿಸು. ಮುಳಬಾಗಿಲು ಕಡೆ ಟೊಮೆಟೊಗೆ ತಿರುಗಿದವರ ಹುಳು ಮನೆಗಳು ಖಾಲಿ ನಿಂತಿವೆ, ನಮ್ಮದೂ ಬೀಗ ಹಾಕಿಯೇ ಇದೆ. ಕಿಟಕಿ ಎದುರುಬದುರು, ಸುತ್ತ ಜಗಲಿ, ಮೇಲೆ ಮಾಲೂರಿನ ಹೆಂಚು. ಚೀಲಕ್ಕೆ ತುಂಬಲು ರಾಗಿ ಹುಲ್ಲು ಕಣದಲ್ಲೇ ಸಿಗುತ್ತದೆ. ಬಾಡಿಗೆ ಬೇಡ, ಬೀಗದ ಕೈ ನಿಮ್ಮಜ್ಜಿಯ ಹತ್ತಿರ ಇದೆ, ಭಾನುವಾರ ಬಂದು ನೋಡು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ತಾತ